ಹಳದಿ ಸ್ಟ್ಯಾಂಡಿನ ಕುಶಲಕ್ಕ

ಕುಶಲಕ್ಕನಿಗೆ ಎರಡು ದನಿಗಳಿದ್ದವು. ಒಂದು ಮುಂಬಯಿ ಬಳಿಯ ಕಲ್ಯಾಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಕಾಲದ್ದು. ಮೆತ್ತನೆಯ, ಹದವಾದ ದನಿ. "ಹೋಲ್ಡ್ ಕರೋ ಸಾಬ್" ಎಂದರೆ ಆ ಕಡೆಯವನು ಸಿಟ್ಟು ಮರೆತು ತೆಪ್ಪಗೆ ಕಾಯುವಂಥದ್ದು. ಇನ್ನೊಂದನ್ನು ಆಕೆ ಡೊಂಬಿವಲಿಯ ಫುಟ್‌ಬಾಲ್ ಮೈದಾನಕ್ಕೆಂದೇ ಇಟ್ಟುಕೊಂಡಿದ್ದಳು. ಅದು ಎದ್ದಿತೆಂದರೆ ಮೈದಾನದ ಆಚೆ ಬದಿಯ ವಡಾಪಾವ್ ಗಾಡಿಯವನೂ ಕರಿಯುವ ಜಾಲರಿ ಸೌಟು ಹಿಡಿದುಕೊಂಡೇ ತಿರುಗಿ ನೋಡಬೇಕು.

ಉಡುಪಿ ಬಳಿಯ ಕಾಪು ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದಾಗ ಆಕೆಗೆ ಫುಟ್‌ಬಾಲಿನ ಗಂಧವೂ ಇರಲಿಲ್ಲ. ಗಂಡ ಮೋಹನದಾಸರದು ಸ್ಟೇಷನ್ನಿನ ಪೂರ್ವಕ್ಕೆ ಸಣ್ಣದೊಂದು ಹೋಟೆಲು. ಮಗ ಸಮಿತ್ ಮೂರನೇ ಕ್ಲಾಸಿನಲ್ಲಿದ್ದಾಗ, ಹುಡುಗ ಟಿವಿಯ ಮುಂದೆಯೇ ಬೆಳೆಯುತ್ತಿದ್ದಾನೆಂದು ಹೆದರಿ, ಮಾನಪಾಡಾ ಸ್ಪೋರ್ಟಿಂಗ್ ಎಂಬ ಕ್ಲಬ್ಬಿನ ಭಾನುವಾರದ ತರಬೇತಿಗೆ ಸೇರಿಸಿದಳು. ಮಗ ಓಡುತ್ತಿದ್ದಾಗ ತಾನು ಸಿಮೆಂಟಿನ ಮೆಟ್ಟಿಲ ಮೇಲೆ ನೀರಿನ ಬಾಟಲಿ ಹಿಡಿದು ಕೂರುತ್ತಿದ್ದಳು. ಮೊದಮೊದಲು ಬೇಸರ. ಆಮೇಲೆ ಯಾರು ಯಾರಿಗೆ ಚೆಂಡು ಕೊಡುತ್ತಾರೆ, ಯಾರು ಕೊಡುವುದಿಲ್ಲ ಎಂಬುದು ಮನೆಯ ಅತ್ತಿಗೆ ನಾದಿನಿಯರ ವ್ಯವಹಾರದಂತೆ ಕಾಣತೊಡಗಿತು. ಅಲ್ಲಿಂದ ರುಚಿ ಹತ್ತಿತು. ಎರಡು ವರ್ಷಕ್ಕೆ ಮಗ ಬೂಟು ಬಿಚ್ಚಿಟ್ಟು ಚೆಸ್ಸಿನ ಕಡೆ ಹೋದ. ತಾಯಿ ಮೆಟ್ಟಿಲು ಬಿಟ್ಟು ಏಳಲಿಲ್ಲ.

ಕ್ಲಬ್ಬಿನ ಬಣ್ಣ ಹಳದಿ. ಅಭಿಮಾನಿಗಳು ಕೂರುವ ತಗಡಿನ ಮಾಡಿನ ಜಾಗಕ್ಕೆ ಹಳದಿ ಸ್ಟ್ಯಾಂಡ್ ಎಂದೇ ಹೆಸರು. ಅಲ್ಲಿ ಕೂತವರು ಬಹುಪಾಲು ಮರಾಠಿ ಹುಡುಗರು, ಎಂಐಡಿಸಿ ಎಂಬ ಕೈಗಾರಿಕಾ ವಲಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವವರು. ಆದರೂ ಅವರೆಲ್ಲ ಒಕ್ಕೊರಲಿನಿಂದ ಕೂಗುತ್ತಿದ್ದದ್ದು ಒಂದು ತುಳು ಶಬ್ದವನ್ನು. ಆಟಗಾರ ಚೆಂಡು ಹಿಡಿದು ಮುನ್ನುಗ್ಗಿದಾಗ ಕುಶಲಕ್ಕ ತನಗೆ ತಿಳಿಯದೆಯೇ "ಬಲಿಪು ಮಗಾ, ಬಲಿಪು!" ಎನ್ನುತ್ತಿದ್ದಳು. ಓಡು ಎಂದು ಅರ್ಥ. ವರ್ಷಗಟ್ಟಲೆ ಕೇಳಿ ಕೇಳಿ ಇಡೀ ಸ್ಟ್ಯಾಂಡಿಗೇ ಅದು ಅಂಟಿಕೊಂಡಿತು. ಎದುರಾಳಿ ತಂಡದವರು ಅದನ್ನು ಏನೋ ಕೆಟ್ಟ ಬೈಗುಳವೆಂದು ತಿಳಿದು ಒಮ್ಮೆ ರೆಫರಿಗೆ ದೂರನ್ನೂ ಕೊಟ್ಟಿದ್ದರು.

ಆ "ಬಲಿಪು"ವಿಗೆ ತಕ್ಕವನಾಗಿ ಸಿಕ್ಕವನು ಭೀಮು. ಇಂಡಿ ತಾಲ್ಲೂಕಿನಿಂದ ಕಟ್ಟಡದ ಕೆಲಸಕ್ಕೆ ಬಂದು ಕಲ್ಯಾಣದಲ್ಲಿ ನೆಲೆಸಿದ್ದ ದಂಪತಿಯ ಮಗ. ಅಪ್ಪ ಅಮ್ಮ ಊರಿಗೆ ಮರಳಿದರೂ ಅವನು ಡೊಂಬಿವಲಿಯಲ್ಲೊಂದು ಕೋಣೆ ಹಿಡಿದು ಉಳಿದುಕೊಂಡ. ಎಡಗಾಲಿನ ಆಟಗಾರ. ಎಡಬದಿಯ ಗೆರೆಗೆ ಅಂಟಿಕೊಂಡು ಓಡಿದನೆಂದರೆ ಹಿಂದೆ ಕೆಂಧೂಳಿನ ಬಾಲವೊಂದು ಏಳುತ್ತಿತ್ತು. ಮೊದಲ ಸಲ ಕುಶಲಕ್ಕನ ಕೂಗು ಕೇಳಿದ ದಿನ ಆಟ ಮುಗಿದ ಮೇಲೆ ಬೇಲಿಯ ಹತ್ತಿರ ಬಂದು, "ದೊಡ್ಡವ್ವಾ, ನೀವು ಕನ್ನಡದವ್ರೇನ್ರಿ? ಏನ್ ದನಿ ರೀ ನಿಮ್ದು! ಹಿಂದಿಂದ ಯಾರೋ ನೂಕಿದಂಗ ಆತು ನೋಡ್ರಿ" ಎಂದಿದ್ದ. ಅಂದಿನಿಂದ ಭಾನುವಾರ ಮಧ್ಯಾಹ್ನ ಅವನ ಊಟ ಮೋಹನದಾಸರ ಹೋಟೆಲಿನಲ್ಲಿ. ಅವನು ಜೋಳದ ರೊಟ್ಟಿ ಕೇಳುವುದು, ಇವರು ನೀರುದೋಸೆ ಬಡಿಸುವುದು, ಅವನು "ಇದು ದ್ವಾಶಿನೋ ಕರವಸ್ತ್ರನೋ" ಎನ್ನುತ್ತಲೇ ತಟ್ಟೆ ಖಾಲಿ ಮಾಡುವುದು, ಇದು ವಾರದ ಪದ್ಧತಿಯಾಯಿತು.

ಹೀಗಿರುವಾಗ ಒಂದು ಮಳೆಗಾಲದಲ್ಲಿ, ಆಟಗಳಿಲ್ಲದ ಸಮಯದಲ್ಲಿ, ಕ್ಲಬ್ಬಿನವರು ಭೀಮುವನ್ನು ನೆರೂಳದ ಪಾಮ್ ಬೀಚ್ ಎಂಬ ನೀಲಿ ಅಂಗಿಯ ತಂಡಕ್ಕೆ ಕೊಟ್ಟು, ಬದಲಿಗೆ ಅವರ ಗೋಲ್‌ಕೀಪರ್ ಜಯೇಶನನ್ನು ತಂದರು. ಹಳದಿಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುದ್ದಿ ಬಂದಾಗ ಕುಶಲಕ್ಕ ಒಲೆಯ ಮುಂದಿದ್ದಳು. ಬಂಗುಡೆ ಹೊತ್ತಿ ಕರಿಯಾಗುವವರೆಗೂ ಫೋನು ಕೆಳಗಿಡಲಿಲ್ಲ. ಆಕೆಯನ್ನು ಕುಟುಕಿದ್ದು ಅವನು ಹೋದದ್ದಲ್ಲ, ಹೇಳದೆ ಹೋದದ್ದು.

"ಒಂದು ಮಾತು ಹೇಳ್ಲಿಕ್ಕೆ ಎಂಥ ದಾಡಿ ಅವನಿಗೆ? ಹೋದ ಭಾನುವಾರ ಇಲ್ಲೇ ಕೂತು ಉಂಡಿದ್ದಾನೆ!"

ಮೋಹನದಾಸರು ಕ್ರಿಕೆಟ್ಟಿನವರು. ಫುಟ್‌ಬಾಲಿನ ದುಃಖಗಳಲ್ಲಿ ತಲೆ ಹಾಕುತ್ತಿರಲಿಲ್ಲ. "ಕೆಲಸ ಬದಲಾಯಿಸಿದ್ದಾನೆ ಮಾರಾಯ್ತಿ, ಧರ್ಮ ಬದಲಾಯಿಸಿದ್ದಲ್ಲ" ಎಂದಷ್ಟೇ ಹೇಳಿ ಗಲ್ಲಾಕ್ಕೆ ಹೋದರು.

ಹಳದಿ ಸ್ಟ್ಯಾಂಡಿನಲ್ಲಿ ಮಾತ್ರ ಅದು ಧರ್ಮಕ್ಕಿಂತ ದೊಡ್ಡ ವಿಷಯವಾಗಿತ್ತು. ಡೋಲು ಬಾರಿಸುವ ರಿತೇಶ್, ಎಂಐಡಿಸಿಯ ಬಣ್ಣದ ಕಾರ್ಖಾನೆಯವನು, ತನ್ನ ಸ್ಕೂಟರಿನ ಮೇಲೆ ಬರೆಸಿಕೊಂಡಿದ್ದ ಭೀಮುವಿನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದ. ಕೆರೆದ ಗುರುತು ಹೆಸರಿಗಿಂತ ಎದ್ದು ಕಾಣುತ್ತಿತ್ತು, ಅದು ಬೇರೆ. ಹೊಸದಾಗಿ ಬಂದ ಗೋಲ್‌ಕೀಪರನಿಗೆ ಎಲ್ಲರೂ ಸೇರಿ "ಚಿಲ್ಲರೆ" ಎಂದು ಹೆಸರಿಟ್ಟರು. ದೊಡ್ಡ ನೋಟು ಕೊಟ್ಟದ್ದಕ್ಕೆ ಕೈಗೆ ಬಂದ ಚಿಲ್ಲರೆ. ಪಾಪ ಜಯೇಶ್ ಎಷ್ಟು ಚೆಂಡು ತಡೆದರೂ ಚಪ್ಪಾಳೆ ಬೀಳುತ್ತಿರಲಿಲ್ಲ. ಒಂದು ಬಿಟ್ಟರೆ ಇಡೀ ಸ್ಟ್ಯಾಂಡು "ಛುಟ್ಟಾ! ಛುಟ್ಟಾ!" ಎಂದು ಹಿಂದಿಯಲ್ಲಿ ಅರಚುತ್ತಿತ್ತು. ಕುಶಲಕ್ಕ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಹಾಗೆಂದು ಅವನಿಗಾಗಿ ಒಂದು ಸಲವೂ ಕೂಗಲೂ ಇಲ್ಲ.

ನವೆಂಬರಿನಲ್ಲಿ ಪಾಮ್ ಬೀಚ್ ತಂಡ ಡೊಂಬಿವಲಿಗೆ ಆಡಲು ಬಂತು. ಭೀಮು ನೀಲಿ ಅಂಗಿಯಲ್ಲಿ ಇಳಿದಾಗ ಹಳದಿಯವರು ಬೊಬ್ಬೆ ಹೊಡೆದರು. ಕುಶಲಕ್ಕ ತುಟಿ ಬಿಗಿದು ಕೂತಳು. ಆಟದ ಕೊನೆಗೆ ಅವನೇ ಗೋಲು ಹೊಡೆದ. ಹೊಡೆದವನು ನೇರ ಹಳದಿ ಸ್ಟ್ಯಾಂಡಿನ ಎದುರಿಗೆ ಓಡಿ ಬಂದು, ಕಿವಿಗೆ ಕೈ ಹಿಡಿದು ನಿಂತ. ಎಲ್ಲಿ, ಈಗ ಕೂಗಿ ನೋಡೋಣ, ಎಂಬಂತೆ. ಬಾಟಲಿಗಳು ತೂರಿ ಬಂದವು. ಕುಶಲಕ್ಕ ಚೀಲ ಹೆಗಲಿಗೇರಿಸಿ, ಆಟ ಮುಗಿಯುವ ಮೊದಲೇ ಹೊರಟುಬಿಟ್ಟಳು. ಅಂದಿನಿಂದ ಮನೆಯಲ್ಲಿ ಅವನ ಹೆಸರೆತ್ತುವಂತಿರಲಿಲ್ಲ.

ಮಗ ಸಮಿತ್ ಈಗ ಬೇಲಾಪುರದ ಹಡಗು ಕಂಪನಿಯೊಂದರ ಆಫೀಸಿನಲ್ಲಿದ್ದು, ಹೆಂಡತಿ ಮಾನಸಿಯ ಜೊತೆ ನೆರೂಳದಲ್ಲೇ ಮನೆ ಮಾಡಿದ್ದ. ಮಾನಸಿ ಮೈಸೂರಿನವಳು, ಲೆಕ್ಕಪರಿಶೋಧಕಿ. ಚೆಂಡು ಗುಂಡಗಿರುತ್ತದೆ ಎಂಬುದರಾಚೆಗೆ ಆಕೆಗೆ ಆಟದ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ. ಜನವರಿಯ ಒಂದು ಭಾನುವಾರ ಕುಶಲಕ್ಕ ಅಲ್ಲಿಗೆ ಹೋಗಿದ್ದಾಗ, ಸಂಜೆಯಾಗುತ್ತಲೇ ಚೀಲ ಹಿಡಿದು ಎದ್ದಳು.

"ಎಲ್ಲಿಗೆ ಹೊರಟ್ರಿ ಅತ್ತೆ?"

"ಸೊಪ್ಪು ತರ್ತೇನೆ. ಇಲ್ಲಿ ಒಳ್ಳೆ ಹರಿವೆ ಸಿಗ್ತದೆ."

"ಸೊಪ್ಪಿನೋನು ಗೇಟಿನ ಹತ್ರಾನೇ ಇರ್ತಾನಲ್ಲ?"

"ಅವನದ್ದು ಬಾಡಿರ್ತದೆ" ಎಂದು ಕುಶಲಕ್ಕ ಮೆಟ್ಟಿಲಿಳಿದಳು. ಹೋದದ್ದು ಪಾಮ್ ಬೀಚಿನವರ ಮೈದಾನಕ್ಕೆ. ಎದುರಾಳಿಗಳ ಆಟ ಹೇಗಿದೆಯೆಂದು ತಿಳಿದುಕೊಳ್ಳುವುದು ಒಳ್ಳೆಯದೆಂದು ತನಗೆ ತಾನೇ ಹೇಳಿಕೊಂಡಳು. ನೀಲಿ ಅಂಗಿಗಳ ನಡುವೆ, ಸೆರಗನ್ನು ಭುಜದ ಸುತ್ತ ಎಳೆದುಕೊಂಡು, ಮೇಲಿನ ಸಾಲಿನಲ್ಲಿ ಕೂತಳು. ಎದುರಿಗಿದ್ದದ್ದು ಠಾಣೆ ನಗರದ ತಂಡ. ಭೀಮು ಎಂದಿನಂತೆ ಎಡಬದಿಯಲ್ಲಿ. ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಬಲಿಪು ಎಂಬ ಕೂಗು ಆಕೆಯ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ನುಂಗಿಕೊಳ್ಳುತ್ತಿದ್ದಳು.

ಅರ್ಧ ಆಟವಾಗಿರಬಹುದು. ಭೀಮು ಒಬ್ಬನನ್ನು ದಾಟಿ ಒಳಕ್ಕೆ ತಿರುಗಿದ. ಯಾರೂ ತಾಗಲಿಲ್ಲ. ಬೂಟು ನೆಲದಲ್ಲಿ ಸಿಕ್ಕಿಕೊಂಡಿತು, ದೇಹ ತಿರುಗಿತು, ಮೊಣಕಾಲು ತಿರುಗಲಿಲ್ಲ. ಕತ್ತರಿಸಿ ಹಾಕಿದ ಹಾಗೆ ಬಿದ್ದ. ಇಡೀ ಮೈದಾನ ಉಸಿರು ಹಿಡಿದು ಸುಮ್ಮನಾಯಿತು.

ಅವನ ಸ್ವಭಾವ ಕುಶಲಕ್ಕನಿಗೆ ಗೊತ್ತಿತ್ತು. ಜ್ವರವಿದ್ದರೂ ಆಡುವವನು, ರಕ್ತ ಬಂದರೂ ಒರೆಸಿಕೊಂಡು ಓಡುವವನು. ಈಗಲೂ ಅವನು ಒಂದು ಕೈಯನ್ನು ನೆಲಕ್ಕೆ ಊರಿ, ಆ ಪೆಟ್ಟಾದ ಕಾಲಿನ ಮೇಲೇ ಏಳಲು ಹವಣಿಸುತ್ತಿದ್ದ. ಕುಶಲಕ್ಕ ಎದ್ದು ನಿಂತದ್ದು ಆಕೆಗೇ ಗೊತ್ತಾಗಲಿಲ್ಲ.

"ಏಳ್ಬೇಡ ಭೀಮೂ! ಏಳ್ಬೇಡ ಮಗಾ! ಮಲಗಿಯೇ ಇರು!"

ಆ ಮೌನದಲ್ಲಿ ಆ ದನಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗಿ ಬಂತು. ಭೀಮು ತಲೆಯೆತ್ತಿದ. ದನಿ ಎಲ್ಲಿಂದ ಬಂತೆಂದು ಹುಡುಕಲಿಲ್ಲ. ಊರಿದ್ದ ಕೈಯನ್ನು ತೆಗೆದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಅಂಗಾತ ಮಲಗಿದ. ಸ್ಟ್ರೆಚರ್ ತಂದು ಎತ್ತಿಕೊಂಡು ಹೋಗುವಾಗ ಒಂದು ಕೈ ಮೇಲೆತ್ತಿ ಆಡಿಸಿದ. ಅಕ್ಕಪಕ್ಕದ ನೀಲಿಯವರು ಈ ಹೆಂಗಸನ್ನು ಬೆರಗಾಗಿ ನೋಡುತ್ತಿದ್ದರು. ಮುಂದಿನ ಸಾಲಿನ ಒಬ್ಬ ಹುಡುಗಿ, "ಇವರು ಬಲಿಪು ಆಂಟಿ ಅಲ್ವಾ? ಹಳದಿಯವರು?" ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಆ ಹುಡುಗಿಯ ಹೆಸರು ಅನಘ ಎಂದು ಕುಶಲಕ್ಕನಿಗೆ ತಿಳಿದದ್ದು ಆಮೇಲೆ.

ಮನೆಗೆ ಬಂದಾಗ ಚೀಲ ಖಾಲಿಯಿತ್ತು. ಮಾನಸಿ ಸೊಪ್ಪಿನ ಬಗ್ಗೆ ಕೇಳಲು ಬಾಯಿ ತೆರೆದವಳು, ಅತ್ತೆಯ ಮುಖ ನೋಡಿ ನೀರು ತಂದುಕೊಟ್ಟಳು. ಕುಶಲಕ್ಕ ಎಲ್ಲವನ್ನೂ ಹೇಳಿದಳು. ಅಷ್ಟರಲ್ಲಿ ಫೋನು ಒಂದೇ ಸಮನೆ ಕಿಣಿಕಿಣಿಗುಟ್ಟುತ್ತಿತ್ತು. ಹಳದಿ ಗುಂಪಿಗೆ ಸುದ್ದಿ ಮುಟ್ಟಿತ್ತು. ಕನ್ನಡಕ ಹುಡುಕುತ್ತಿದ್ದ ಅತ್ತೆಗಾಗಿ ಮಾನಸಿಯೇ ಓದಿ ಹೇಳಿದಳು. ತಕ್ಕ ಶಾಸ್ತಿ, ಎಂದು ಒಬ್ಬ. ದೇವರು ಕಿವಿ ಹಿಡಿದ, ಎಂದು ಇನ್ನೊಬ್ಬ. ನಗುವ ಮುಖಗಳ ಸಾಲು. ಈ ಅದಲುಬದಲಿನಲ್ಲಿ ಲಾಭ ನಮಗೇ ಆಯಿತು, ಚಿಲ್ಲರೆಗೆ ಜೈ, ಎಂದು ರಿತೇಶ್. ಒಬ್ಬಿಬ್ಬರು ಅಳುವ ಮುಖ ಹಾಕಿದ್ದರು. ಅವರನ್ನೂ ಮಿಕ್ಕವರು ಗದರಿಸಿದ್ದರು.

ಮಾನಸಿ ಫೋನು ಕೆಳಗಿಟ್ಟು, "ಇವ್ರೆಲ್ಲಾ ನಿಮ್ಮ ಫ್ರೆಂಡ್ಸಾ ಅತ್ತೆ?" ಎಂದಳು. ಕೊಂಕಿನಿಂದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದು.

ಕುಶಲಕ್ಕ ಕನ್ನಡಕ ಹುಡುಕಿ ಹಾಕಿಕೊಂಡಳು. ಆಮೇಲೆ ಫೋನು ತೆಗೆದುಕೊಂಡು, ಧ್ವನಿ ಸಂದೇಶದ ಗುಂಡಿ ಒತ್ತಿ, ಎಕ್ಸ್‌ಚೇಂಜಿನ ಆ ಹಳೆಯ ಮೆತ್ತನೆಯ ದನಿಯಲ್ಲಿ, ಮರಾಠಿಯಲ್ಲಿ, ಹೀಗೆ ಹೇಳಿದಳು:

"ನಮಸ್ಕಾರ, ಕುಶಲ ಮಾತಾಡುವುದು. ಅವನು ಬಿದ್ದಾಗ ನಾನಲ್ಲಿದ್ದೆ. ಅವನ ಮೇಲೆ ಸಿಟ್ಟು ನನಗೂ ಉಂಟು, ನಿಮಗಿಂತ ಒಂದು ಹಿಡಿ ಜಾಸ್ತಿಯೇ ಉಂಟು. ಅವನ ತಂಡ ಸೋಲಲಿ, ಅವನು ಹೊಡೆದದ್ದು ಕಂಬಕ್ಕೆ ಬಡಿದು ವಾಪಸು ಬರಲಿ ಅಂತ ದೇವರ ಹತ್ತಿರ ನಾನೂ ಬೇಡಿದ್ದೇನೆ. ಕಾಲು ಮುರಿಯಲಿ ಅಂತ ಬೇಡಲಿಲ್ಲ. ನಕ್ಕವರು ಬರುವ ಶನಿವಾರ ನನ್ನ ಸಾಲಿನಲ್ಲಿ ಕೂರಬೇಡಿ. ಧನ್ಯವಾದ."

ಬೈದಿದ್ದರೆ ಯಾರಾದರೂ ತಿರುಗಿ ಬೈಯುತ್ತಿದ್ದರೋ ಏನೋ. ಇದು ಮೆತ್ತನೆಯ ದನಿ. ಗುಂಪಿನಲ್ಲಿ ಒಂದೊಂದೇ ಸಂದೇಶ ಅಳಿಸಿಹೋಗತೊಡಗಿತು.

ಮರುದಿನ ಆಕೆ ಡೊಂಬಿವಲಿಗೆ ಮರಳುತ್ತಲೇ ರಿತೇಶ್ ಹೋಟೆಲಿಗೆ ಬಂದ. ಚಹಾ ಮುಂದಿಟ್ಟುಕೊಂಡು ಕುಡಿಯದೆ ಕೂತ. ಅವನ ಅಪ್ಪ ಅಮ್ಮನೂ ಉಡುಪಿ ಕಡೆಯವರೇ. ಅವನ ಕನ್ನಡದಲ್ಲಿ ಮಾತ್ರ ಅರ್ಧಕ್ಕರ್ಧ ಹಿಂದಿ.

"ಕುಶಲಕ್ಕಾ, ಧೋಖಾ ಕೊಟ್ಟದ್ದು ಅವನು. ನಮ್ಮ ಎದುರು ಕಿವಿಗೆ ಕೈ ಇಟ್ಟದ್ದು ಅವನು. ಗುಸ್ಸಾ ಬರೋದಿಲ್ವಾ?"

"ಬರ್ಲಿ. ಗುಸ್ಸಾ ಬೇರೆ, ಇದು ಬೇರೆ. ನಿನ್ನ ಸ್ಕೂಟರಿನ ಮೇಲೆ ಅವನ ಹೆಸರು ಬರೆಸಿದ್ದು ಯಾಕೆ? ಕೆರೆದದ್ದು ಯಾಕೆ? ಎರಡೂ ಒಂದೇ ಪ್ರೀತಿಯಿಂದ ಅಲ್ವಾ?"

ರಿತೇಶ್ ತಣ್ಣಗಾದ ಚಹಾ ಎತ್ತಿ ಕುಡಿದ.

ಶನಿವಾರ ಕಲ್ಯಾಣದ ತಂಡದೊಂದಿಗೆ ಆಟ. ಕುಶಲಕ್ಕನ ಸಾಲಿನಲ್ಲಿ ಎಲ್ಲರೂ ತುಂಬಿಕೊಂಡೇ ಕೂತಿದ್ದರು, ನಾನು ನಕ್ಕಿರಲಿಲ್ಲ ಎಂಬ ಮುಖ ಮಾಡಿಕೊಂಡು. ಅಂದು ವಿಚಿತ್ರವೊಂದು ನಡೆಯಿತು. ಜಯೇಶ್ ಮೊದಲ ಚೆಂಡು ಹಿಡಿದ ಕೂಡಲೇ ಸ್ಟ್ಯಾಂಡಿನ ಇನ್ನೊಂದು ತುದಿಯವರು ಎದ್ದು ಚಪ್ಪಾಳೆ ಹೊಡೆದರು. ಚಿಲ್ಲರೆ ಎನ್ನುತ್ತಿದ್ದ ಬಾಯಿಗಳೇ "ಸೋನಾ! ಸೋನಾ!" ಎಂದು ಕೂಗಿದವು. ಭೀಮು ಮೂಲೆಗೆ ಬಿದ್ದ ಮೇಲೆ ಇವನು ಬಂಗಾರವಾಗಿದ್ದ. ಜಯೇಶ್ ಅವರ ಕಡೆಗೆ ಬೆನ್ನು ತಿರುಗಿಸಿ ನಿಂತ. ಇಡೀ ಆಟದಲ್ಲಿ ಒಂದು ಗೋಲೂ ಬಿಡಲಿಲ್ಲ, ಒಂದು ಸಲವೂ ಸ್ಟ್ಯಾಂಡಿನ ಕಡೆ ಕೈ ಬೀಸಲಿಲ್ಲ.

ಆಟ ಮುಗಿದ ಮೇಲೆ ಬೇಲಿಯ ಬಳಿಗೆ ಬಂದವನು ಕುಶಲಕ್ಕನನ್ನು ಕೇಳಿಕೊಂಡೇ ಬಂದ. "ಮಾವ್ಶೀ, ಇವರಿಗೆ ಹೇಳಿ. ಈ ಚಪ್ಪಾಳೆ ನನಗೆ ಬೇಡ" ಎಂದ ಮರಾಠಿಯಲ್ಲಿ. ಕೈಗವಸು ಬಿಚ್ಚಿ ಬೇಲಿಗೆ ಸಿಕ್ಕಿಸಿದ. "ಭೀಮು ನಮ್ಮ ಮನೆಯಲ್ಲೇ ಇರೋದು. ಕ್ಲಬ್ಬಿನವರು ನಮ್ಮನ್ನು ಅದಲುಬದಲು ಮಾಡಿದಾಗ ನಾವು ಕೋಣೆಗಳನ್ನೂ ಅದಲುಬದಲು ಮಾಡಿಕೊಂಡ್ವಿ. ಅವನ ಡೊಂಬಿವಲಿಯ ಕೋಣೆಯಲ್ಲಿ ನಾನು, ಕರಾವೆಯ ನಮ್ಮ ಮನೆಯಲ್ಲಿ ಆಯಿಯ ಜೊತೆ ಅವನು. ದಿನಾ ಸಂಜೆ ಆಯಿ ಫೋನ್ ಮಾಡಿ ನನ್ನನ್ನು ಕೇಳೋದಿಲ್ಲ, ಅವನು ಎಷ್ಟು ತಿಂದ ಅಂತ ಹೇಳ್ತಾಳೆ. ನನ್ನ ತಮ್ಮನ ಕಾಲು ಮುರಿದದ್ದಕ್ಕೆ ನನಗೆ ಜೈಕಾರವಾ?"

ಕರಾವೆ ಎಂದರೆ ನೆರೂಳದ ಸೆಕ್ಟರುಗಳ ನಡುವೆ ಇನ್ನೂ ಉಳಿದುಕೊಂಡಿರುವ ಹಳೆಯ ಊರು, ಆಯಿ ಎಂದರೆ ಅಮ್ಮ. ಹಳದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ತಿಂಗಳು ಭೀಮುವಿಗೆ ಬೈದದ್ದೂ ಜಯೇಶನಿಗೆ ಬೈದದ್ದೂ ಒಂದೇ ಮನೆಗೆ ಹೋಗಿ ಬೀಳುತ್ತಿತ್ತು.

"ಜಯೇಶಾ, ನಿನ್ನ ಆಯಿಗೆ ಫೋನ್ ಮಾಡು" ಎಂದಳು ಕುಶಲಕ್ಕ. "ನಾಳೆ ನಾವು ಬರ್ತೇವೆ ಅಂತ ಹೇಳು."

"ಎಷ್ಟು ಜನ?"

ಕುಶಲಕ್ಕ ಹಿಂತಿರುಗಿ ನೋಡಿದಳು. ರಿತೇಶನ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಗಿತ್ತು.

ಭಾನುವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ, ನೆರೂಳದಲ್ಲಿ ಇಳಿದ ಆ ದಂಡು ನೋಡುವಂತಿತ್ತು. ಎಲ್ಲರೂ ಹಳದಿ ಅಂಗಿಯಲ್ಲೇ ಹೊರಟಿದ್ದರು. ಮುಚ್ಚಿಕೊಂಡು ಹೋಗಲು ನಾವೇನು ಕಳ್ಳರೇ, ಎಂಬುದು ರಿತೇಶನ ವಾದ. ಮೋಹನದಾಸರು ಹೋಟೆಲ್ ಬಿಟ್ಟು ಬರಲಿಲ್ಲ. ಆದರೆ ನೀರುದೋಸೆಯ ದೊಡ್ಡ ಡಬ್ಬಿಯೊಂದನ್ನು ಕಟ್ಟಿ, "ಕರವಸ್ತ್ರ ಕಳಿಸಿದ್ದಾರೆ ಅಂತ ಹೇಳು ಅವನಿಗೆ" ಎಂದು ಹೆಂಡತಿಯ ಕೈಗೆ ಕೊಟ್ಟಿದ್ದರು.

ಜಯೇಶನ ಮನೆ ಓಣಿಯ ಕೊನೆಗೆ, ಬಾಗಿಲ ಮುಂದೆ ತುಳಸಿ, ಗೋಡೆಗೆ ಒರಗಿಸಿದ ಮೀನಿನ ಬಲೆ. ಆ ಬಾಗಿಲಲ್ಲಿ ಆಗಲೇ ನಾಲ್ಕಾರು ನೀಲಿ ಅಂಗಿಗಳು ಕಾವಲಿಗೆ ಕೂತಿದ್ದವು. ನಡುವೆ ಅನಘ, ಮೈದಾನದಲ್ಲಿ ಪಿಸುಗುಟ್ಟಿದ್ದ ಅದೇ ಹುಡುಗಿ. ಹಳದಿ ದಂಡು ಕಂಡದ್ದೇ ಎದ್ದು ನಿಂತಳು.

"ಆಂಟಿ ಒಬ್ಬರು ಒಳಗೆ ಹೋಗಬಹುದು. ಮಿಕ್ಕವರು ಬೇಡ. ನಿಮ್ಮ ಗುಂಪಿನಲ್ಲಿ ಏನೇನು ಬರೆದಿದ್ರಿ ಅಂತ ನಮಗೆ ಗೊತ್ತು."

"ಮತ್ತೆ ನೀವು?" ಎಂದ ರಿತೇಶ್. "ಕುಂಟು ಕುದುರೆ ಕೊಟ್ಟು ಮೋಸ ಮಾಡಿದ್ರು ಡೊಂಬಿವಲಿಯವರು ಅಂತ ನಿಮ್ಮ ಗುಂಪಿನಲ್ಲಿ ಬರೆದದ್ದು ಯಾರು? ಆಟಗಾರನಾ ಅವನು, ಕುದುರೆನಾ?"

ಅನಘಳ ಮುಖ ಕೆಂಪಾಯಿತು. ಅದನ್ನು ಯಾರೋ ಬರೆದಿದ್ದರು, ನಿಜ. ಒಂದು ಮಾತಿಗೆ ಎರಡು ಮಾತಾಗಿ, ಅವನು ನಮ್ಮವನು, ಅಲ್ಲ ಮೊದಲು ನಮ್ಮವನು, ಎಂದು ಓಣಿಯ ನಾಯಿಗಳೂ ಸೇರಿಕೊಂಡವು. ಆಗ ಒಳಗಿನಿಂದ ಜಯೇಶನ ಆಯಿ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಕೈಯಲ್ಲಿ ಮಸಾಲೆ ಮೆತ್ತಿದ ಸೌಟು.

"ಯಾರವನು ಅಂತ ಕೂಗಾಡ್ತಿದ್ದೀರಿ? ಯಾರ ಮನೆಯಲ್ಲಿ ಮಲಗಿದ್ದಾನೋ ಅವರವನು. ಚಪ್ಪಲಿ ಬಿಚ್ಚಿ, ಒಳಗೆ ಬನ್ನಿ. ನೀಲಿಯೂ ಬನ್ನಿ, ಹಳದಿಯೂ ಬನ್ನಿ. ಊಟಕ್ಕೆ ಮೊದಲು ಜಗಳ ಆಡಿದವರಿಗೆ ಬೊಂಬಿಲ್ ಇಲ್ಲ."

ಬಿಸಿ ಬಿಸಿ ಕರಿದ ಬೊಂಬಿಲ್ ಮೀನಿನ ವಾಸನೆ ಓಣಿಗೆಲ್ಲ ಹರಡಿತ್ತು. ಜಗಳ ನಿಂತಿತು.

ಭೀಮು ಒಳಕೋಣೆಯ ಮಂಚದ ಮೇಲೆ, ಶಸ್ತ್ರಚಿಕಿತ್ಸೆಯಾದ ಕಾಲನ್ನು ದಿಂಬುಗಳ ಮೇಲೆ ಚಾಚಿ ಕೂತಿದ್ದ. ಕುಶಲಕ್ಕನನ್ನು ಕಂಡವನೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಕೈ ತೆಗಿ ಮಾರಾಯಾ. ಮುಖ ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದದ್ದು."

"ನಿಮಗ ಹೇಳಾಕ ಧೈರ್ಯ ಆಗ್ಲಿಲ್ರಿ ದೊಡ್ಡವ್ವಾ. ಹೇಳಬೇಕಂತ ಆ ಭಾನುವಾರ ಹೋಟೆಲಿಗೆ ಬಂದಿದ್ದೆ. ನೀವು ತಾಟಿಗೆ ಹಾಕೂದು, ನಾ ತಿನ್ನೂದು, ಹೆಂಗ ಹೇಳಲಿ?"

"ಮತ್ತೆ ಆ ಕಿವಿಗೆ ಕೈ? ಅದಕ್ಕೆ ಧೈರ್ಯ ಬಂತಾ?"

ಬಾಗಿಲಲ್ಲಿ ತುಂಬಿಕೊಂಡಿದ್ದ ಹಳದಿಯವರೆಲ್ಲ ಕತ್ತು ಚಾಚಿದರು.

"ನಿಮ್ಮ ದನಿ ಕೇಳ್ಸಲಿಲ್ರಿ" ಎಂದ ಭೀಮು. "ಇಡೀ ಆಟ ಕಾದೆ. ಬೈತೀರಿ ಅಂದುಕೊಂಡಿದ್ದೆ. ಬೈಲೂ ಇಲ್ಲ. ಅದಕ್ಕ ಗೋಲ್ ಹೊಡೆದು ಓಡಿ ಬಂದು, ದೊಡ್ಡವ್ವಾ ಒಂದ್ ಮಾತರ ಬೈರಿ, ಅಂತ ಕೇಳಿದ್ದು."

"ಝೂಟ್!" ಎಂದ ರಿತೇಶ್ ಬಾಗಿಲಿಂದ. "ಪಕ್ಕಾ ಸುಳ್ಳು!"

ಭೀಮುವಿನ ತುಟಿಯ ತುದಿಯಲ್ಲಿ ನಗು ಇಣುಕಿತು. ಅದು ನಿಜವೋ, ಸುಳ್ಳೋ, ಅರ್ಧರ್ಧವೋ, ಕುಶಲಕ್ಕ ಕೆದಕಲು ಹೋಗಲಿಲ್ಲ. ಕೇಳಲು ಚೆನ್ನಾಗಿತ್ತು, ಅಷ್ಟು ಸಾಕು. ಮಂಚದ ಅಂಚಿನಲ್ಲಿ ಕೂತು, ಅವನ ತಲೆಗೊಂದು ಮೊಟಕಿ, ದೋಸೆಯ ಡಬ್ಬಿ ಬಿಚ್ಚಿದಳು. ಆ ಮಧ್ಯಾಹ್ನ ಕರಾವೆಯ ಆ ಮನೆಯಲ್ಲಿ ನೀರುದೋಸೆಯನ್ನು ಬೊಂಬಿಲ್ ಸಾರಿನಲ್ಲಿ ಅದ್ದಿ ತಿಂದವರು, ಜಾಗ ಸಾಲದೆ ಬಲೆಯ ಮೇಲೂ ಕೂತಿದ್ದರು. ಹೊರಡುವಾಗ ರಿತೇಶನೂ ಅನಘಳೂ ನಂಬರ್ ವಿನಿಮಯ ಮಾಡಿಕೊಂಡದ್ದನ್ನು ಕುಶಲಕ್ಕ ನೋಡಿದಳು, ನೋಡದವಳಂತೆ ಚಪ್ಪಲಿ ಹುಡುಕಿದಳು.

ಮುಂದಿನ ತಿಂಗಳುಗಳಲ್ಲಿ ಯಾರು ಯಾವ ವಾರ ಭೀಮುವನ್ನು ಕಾಲಿನ ವ್ಯಾಯಾಮಕ್ಕೆ ಕರೆದೊಯ್ಯಬೇಕೆಂದು ನೀಲಿಯವರೂ ಹಳದಿಯವರೂ ಮತ್ತೆ ಜಗಳವಾಡಿದರು. ಇದು ಬೇರೆ ತರಹದ ಜಗಳ. ಮಾನಸಿಯೂ ಆಫೀಸಿನಿಂದ ಬರುತ್ತ ಎರಡು ದಿನಕ್ಕೊಮ್ಮೆ ಕರಾವೆಗೆ ಹೋಗಿ ನೋಡಿಕೊಂಡು ಬರುವುದು ರೂಢಿಯಾಯಿತು. ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು: "ಇವತ್ತು ಮೊಣಕಾಲು ಪೂರ್ತಿ ಮಡಚಿದ್ರು ಅತ್ತೆ. ಆಫ್‌ಸೈಡ್ ಅಂದ್ರೇನು ಅಂತ ಉಪ್ಪು ಖಾರದ ಡಬ್ಬಿ ಇಟ್ಟು ಹೇಳಿಕೊಟ್ರು. ಅರ್ಥ ಆಗ್ಲಿಲ್ಲ, ಆಯ್ತು ಅಂದೆ." ಹಳದಿ ಸ್ಟ್ಯಾಂಡಿನಲ್ಲಿ ಜಯೇಶನನ್ನು ಈಗ ಚಿಲ್ಲರೆ ಎನ್ನುವವರಿರಲಿಲ್ಲ, ಬಂಗಾರ ಎನ್ನುವವರೂ ಇರಲಿಲ್ಲ. ಜಯೇಶ್ ಎಂದೇ ಕರೆಯುತ್ತಿದ್ದರು. ಕುಶಲಕ್ಕನ ದನಿ ಎಲ್ಲರಿಗಿಂತ ಮೇಲೆ.

ಮರುವರ್ಷದ ಋತುವಿನಲ್ಲಿ, ಮಳೆ ಹೋಗಿ ಚಳಿ ಬಿದ್ದ ಮೇಲೆ, ಪಾಮ್ ಬೀಚ್ ತಂಡ ಮತ್ತೆ ಡೊಂಬಿವಲಿಗೆ ಬಂತು. ಮಾನಸಿ ಮೊದಲ ಬಾರಿಗೆ ಆಟ ನೋಡಲು ಬಂದಿದ್ದಳು, ಬಣ್ಣದ ಯೋಚನೆಯಿಲ್ಲದೆ ನೀಲಿ ಚೂಡಿದಾರ ತೊಟ್ಟು. ಹಳದಿ ಸ್ಟ್ಯಾಂಡಿನಲ್ಲಿ ಆಕೆಯ ಭುಜಕ್ಕೆ ಯಾರದೋ ಹಳದಿ ಟವೆಲ್ ಹೊದಿಸಬೇಕಾಯಿತು. ಆಟ ಒಂದಕ್ಕೊಂದು ಸಮವಾಗಿದ್ದಾಗ, ಮುಗಿಯಲು ಸ್ವಲ್ಪವೇ ಹೊತ್ತಿದೆ ಎನ್ನುವಾಗ, ಗೆರೆಯ ಬಳಿ ಬದಲಿಯಾಗಿ ಇಳಿಯಲು ಒಬ್ಬ ಆಟಗಾರ ಜರ್ಸಿ ಸರಿಮಾಡಿಕೊಂಡು ನಿಂತ. ಭೀಮು.

ನೀಲಿಯವರು ಎದ್ದು ನಿಂತರು. ಹಳದಿಯವರು ಏನು ಮಾಡಬೇಕೆಂದು ತಿಳಿಯದೆ ಕುಶಲಕ್ಕನ ಕಡೆ ತಿರುಗಿದರು. ಆಮೇಲೆ ರಿತೇಶ್ ಡೋಲಿಗೆ ಒಂದು ಪೆಟ್ಟು ಕೊಟ್ಟ. ಇನ್ನೊಂದು ಕೊಟ್ಟ. ಅಷ್ಟರಲ್ಲಿ ಎಲ್ಲರೂ ಎದ್ದಾಗಿತ್ತು.

ಸ್ವಲ್ಪ ಹೊತ್ತಿನಲ್ಲೇ ಎಡಬದಿಯಲ್ಲಿ ಭೀಮುವಿನ ಕಾಲಿಗೆ ಚೆಂಡು ಬಂತು. ಅವನನ್ನು ತಡೆಯಬೇಕಾದವನು ಮಾನಪಾಡಾದ ಹೊಸ ಹುಡುಗ ತರುಣ್. ಭೀಮು ಆ ಹಳೆಯ ಮೊಣಕಾಲನ್ನು ನಂಬಲೋ ಬೇಡವೋ ಎಂಬಂತೆ ಅರೆಗಳಿಗೆ ತಡೆದು ನಿಂತ. ಕುಶಲಕ್ಕನ ಗಂಟಲಿನಿಂದ ಅದು ತಾನಾಗಿ ಹೊರಬಿತ್ತು.

"ಬಲಿಪು ಮಗಾ! ಬಲಿಪು!"

ಹಿಂದೆಯೇ ಇಡೀ ಸ್ಟ್ಯಾಂಡು "ಬಲಿಪು!" ಎಂದು ಗರ್ಜಿಸಿತು. ಪಾಪ ತರುಣ್, ತನ್ನದೇ ಜನ ತನಗೇ ಓಡೆನ್ನುತ್ತಿದ್ದಾರೆಂದು ತಿಳಿದು, ಯಾವ ಕಡೆಗೆಂದು ಗೊತ್ತಾಗದೆ ತಿರುಗಿ ನೋಡಿದ. ಅಷ್ಟು ಸಾಕಾಯಿತು. ಭೀಮು ಅವನ ಪಕ್ಕದಿಂದ ಹಾದು, ಧೂಳೆಬ್ಬಿಸುತ್ತ, ನೇರ ಗೋಲಿನ ಕಡೆಗೆ ಹೋದ. ಹೊಡೆದ. ಜಯೇಶ್ ಎದೆ ಕೊಟ್ಟು ತಡೆದ. ಓಡಿ ಬಂದ ರಭಸಕ್ಕೆ ಭೀಮು ಅವನ ಮೇಲೆಯೇ ಉರುಳಿದ. ಇಬ್ಬರೂ ಚೆಂಡಿನ ಸಮೇತ ಕೆಂಪು ಮಣ್ಣಿನಲ್ಲಿ ಹೊರಳಿ, ಏಳುವುದನ್ನು ಬಿಟ್ಟು ನಗತೊಡಗಿದರು. ರೆಫರಿ ಸೀಟಿ ಊದಿ ಊದಿ ಸುಸ್ತಾದ.

ಆಟ ಸಮವಾಗಿಯೇ ಮುಗಿಯಿತು. ಮಾನಪಾಡಾ ಕ್ಲಬ್ಬಿನ ಕಾರ್ಯದರ್ಶಿ ಗಣಪತಿ ಕೆಂಡವಾಗಿ ಮೆಟ್ಟಿಲು ಹತ್ತಿ ಬಂದರು.

"ಏನಿದು ಕುಶಲಕ್ಕ? ನಮ್ಮ ಸ್ಟ್ಯಾಂಡಿನಲ್ಲಿ ಕೂತು ಎದುರಾಳಿಗೆ ಓಡು ಅಂತ ಹೇಳೋದಾ?"

"ಓಡು ಅಂತ ಹೇಳಿದ್ದು ಹೌದು" ಎಂದಳು ಕುಶಲಕ್ಕ, ಒಡೆದ ಗಂಟಲಿನಲ್ಲಿ. "ಗೋಲು ಹಾಕು ಅಂತ ಹೇಳಿದ್ದೇನಾ?"

ಗಣಪತಿಯವರಿಗೆ ಸಿಟ್ಟು ಮುಂದುವರಿಸಬೇಕೆಂದಿತ್ತು. ಆದರೆ ಸುತ್ತಲಿನವರು ನಕ್ಕಾಗ ಅವರ ಹೊಟ್ಟೆಯೂ ಕುಲುಕಿತು.

ಆ ಸಂಜೆ ಮೋಹನದಾಸರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರಾವೆಯಿಂದ ಬಂದಿದ್ದ ಜಯೇಶನ ಆಯಿ ಅಡುಗೆಮನೆಗೇ ನುಗ್ಗಿ, ಚಟ್ನಿಗೆ ಉಪ್ಪು ಕಡಿಮೆಯೆಂದು ಅಡುಗೆಯವನಿಗೆ ಪಾಠ ಹೇಳುತ್ತಿದ್ದಳು. ರಿತೇಶನೂ ಅನಘಳೂ ಒಂದೇ ಮೇಜಿಗೆ ಕೂತು, ಅದು ಗೋಲಾಗಬೇಕಿತ್ತೋ ಇಲ್ಲವೋ ಎಂದು ವಾದಿಸುತ್ತಿದ್ದರು. ಮಾನಸಿ ಅವರಿಬ್ಬರ ನಡುವೆ ಉಪ್ಪಿನ ಡಬ್ಬಿ ಸರಿಸುತ್ತ ತೀರ್ಪು ಕೊಡುತ್ತಿದ್ದಳು, ಬಹುಶಃ ತಪ್ಪು ತೀರ್ಪು.

ಬಾಗಿಲ ಹೊರಗೆ ತರುಣ್ ಬ್ಯಾಗು ಹೆಗಲಿಗೇರಿಸಿ, ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. ಒಳಗೆ ಬರಲು ನಾಚಿಕೆ. ಕುಶಲಕ್ಕ ಎದ್ದು ಹೋಗಿ ಅವನ ತೋಳು ಹಿಡಿದಳು. ಕೂಗಲು ದನಿಯೇ ಉಳಿದಿರಲಿಲ್ಲ. ಎಳೆದುಕೊಂಡು ಬಂದು ಭೀಮುವಿನ ಪಕ್ಕದಲ್ಲೇ ಕೂರಿಸಿದಳು.

"ತಪ್ಪು ನಿಂದಲ್ಲ ಮಗಾ" ಎಂದಳು ಪಿಸುದನಿಯಲ್ಲಿ. "ಮುಂದಿನ ಸಲ ನಾನು ಕೂಗಿದರೆ ಕಿವಿ ಮುಚ್ಚಿಕೊ."

ಭೀಮು ತನ್ನ ತಟ್ಟೆ ಅವನ ಕಡೆ ಸರಿಸಿದ. "ತಿನ್ನಪ್ಪಾ. ಇವರ ದನಿ ಬಂದ್ರ ನಂಗೂ ಏನೂ ತಿಳಿಯಂಗಿಲ್ಲ."

ಗಲ್ಲಾದಿಂದ ಮೋಹನದಾಸರು, "ಒಟ್ಟು ಯಾರು ಗೆದ್ದದ್ದು, ಯಾರಾದ್ರೂ ಹೇಳ್ತೀರಾ?" ಎಂದು ಕೇಳಿದರು. ಎಲ್ಲರ ಬಾಯಿಯೂ ತುಂಬಿತ್ತು. ಕುಶಲಕ್ಕ ಗಂಡನ ಕಡೆ ನೋಡಿ, ತರುಣನ ತಟ್ಟೆ ತೋರಿಸಿ, ಇನ್ನೆರಡು ದೋಸೆ ಎಂದು ಬೆರಳಿನಲ್ಲಿ ಸನ್ನೆ ಮಾಡಿದಳು.